ಅಕ್ಕನ ಮನೆಗೆ ಹೋದ ಬೇಬಿ

ಮದುವೆಯಾಗಿ ರಿದಾಳ ಮನೆಗೆ ಬಂದ ಹೊಸದರಲ್ಲೇ ನನಗೆ ಒಂದು ವಿಷಯ ಅರ್ಥವಾಯಿತು. ಈ ಮನೆಯಲ್ಲಿ ತಟ್ಟೆ ಖಾಲಿ ಮಾಡಬಾರದು. ಖಾಲಿಯಾದರೆ ತುಂಬುತ್ತಾರೆ. ಬೇಡ ಅಂದರೆ ‘ರುಚಿಯಾಗಿಲ್ವಾ?’ ಅಂತ ಮುಖ ಸಣ್ಣ ಮಾಡಿಕೊಳ್ಳುತ್ತಾರೆ. ಕೈ ಅಡ್ಡ ಹಿಡಿದರೆ ಕೈಯ ಮೇಲೇ ಅನ್ನ ಬೀಳುತ್ತದೆ. ವರ್ಷ ತುಂಬುವುದರೊಳಗೆ ನನ್ನ ಮದುವೆ ಕೋಟಿನ ಗುಂಡಿಗೂ ಕಾಜಕ್ಕೂ ಮಾತುಕತೆ ನಿಂತುಹೋಗಿತ್ತು.

ನಮ್ಮ ಖಾಸಿಗಳಲ್ಲಿ ಮನೆ ಕಿರಿಯ ಮಗಳದು. ರಿದಾ ಕಿರಿಯವಳು. ಹಾಗಾಗಿ ಮನೆಯೂ ಅವಳದೇ, ತಾಯಿಯೂ ಅವಳ ಪಾಲಿಗೇ, ಗಂಡನಾದ ನಾನೂ ಅಲ್ಲಿಗೇ. ಅತ್ತೆಯನ್ನು ನಾನೂ ರಿದಾಳಂತೆ ‘ಮೆಯ್’ ಅಂತಲೇ ಕರೆಯುತ್ತೇನೆ, ಅಂದರೆ ಅಮ್ಮ. ರಿದಾಳ ಅಕ್ಕ ಥ್ರಿನಾ ತನ್ನ ಗಂಡ ಹಾಂಬೋರನ ಜೊತೆ ಗುಡ್ಡದ ಆಚೆ ಮಗ್ಗುಲಲ್ಲಿ ಬೇರೆ ಮನೆ ಮಾಡಿಕೊಂಡಿದ್ದಾಳೆ. ಮನೆಗೆ ಅಂಟಿಕೊಂಡೇ, ಮಾಯ್ರಾಂಗ್ ಪೇಟೆಗೆ ಹೋಗುವ ರಸ್ತೆ ಪಕ್ಕ ಅವಳದೊಂದು ಅನ್ನದಂಗಡಿ ಇದೆ. ಅಕ್ಕ ತಂಗಿಯರು ಒಂದೇ ಹೊಟ್ಟೆಯಲ್ಲಿ ಹುಟ್ಟಿದವರು ಅಂತ ಹೇಳಿದರೆ ಮಾತ್ರ ಗೊತ್ತಾಗಬೇಕು. ರಿದಾ ಸೌಟು ಎತ್ತಿದರೆ ಪಾತ್ರೆ ಬರಿದಾಗುವವರೆಗೂ ಇಳಿಸುವವಳಲ್ಲ. ಥ್ರಿನಾಳ ಕೈಯಲ್ಲಿ ಸೌಟಲ್ಲ, ತಕ್ಕಡಿಯೇ ಇದೆ. ಅವಳ ಅಂಗಡಿಯಲ್ಲಿ ಯಾವ ಗಿರಾಕಿಗೂ ಹಸಿವು ಉಳಿಯುವುದಿಲ್ಲ, ಯಾವ ತಟ್ಟೆಯಲ್ಲೂ ಅನ್ನ ಉಳಿಯುವುದಿಲ್ಲ.

ಹೋದ ಮಳೆಗಾಲದಲ್ಲಿ ನಮ್ಮ ಮನೆಯ ತಗಡಿನ ಮಾಡು ಬದಲಿಸುವಾಗ ಮೆಯ್ ಕೆಲ ದಿನ ದೊಡ್ಡ ಮಗಳ ಮನೆಯಲ್ಲಿದ್ದಳು. ವಾಪಸು ಬಂದಾಗ ಕೆನ್ನೆ ಒಳಗೆ ಹೋಗಿತ್ತು. ಅಷ್ಟು ಸಾಕಾಯಿತು. ಭಾನುವಾರ ಚರ್ಚಿನ ಅಂಗಳದಲ್ಲಿ, ಎಲ್ಲರೆದುರು, ರಿದಾ ಬಾಯಿ ತೆಗೆದಳು.

“ಅಮ್ಮನ್ನ ಉಪವಾಸ ಹಾಕಿ ಕಳಿಸಿದ್ಯಲ್ಲ, ನಿನಗೆ ಅನ್ನ ಇಳಿಯುತ್ತಾ ಗಂಟಲಲ್ಲಿ?”

“ನಾನು ಉಪವಾಸ ಹಾಕಿದ್ನಾ? ನೀನು ತುರುಕಿ ತುರುಕಿ ಅವಳಿಗೆ ಮೆಟ್ಟಿಲು ಹತ್ತಕ್ಕೆ ಉಸಿರಿಲ್ಲದ ಹಾಗೆ ಮಾಡಿದ್ದೆ. ನಮ್ಮನೇಲಿ ಅವಳು ನಡೀತಿದ್ಲು, ಗೊತ್ತಾ?”

“ನಡೀತಿರಲಿಲ್ಲ, ಊಟ ಹುಡುಕ್ತಿದ್ಲು!”

ಅಲ್ಲಿಂದ ಮಾತು ನಿಂತಿತು. ಹಾಡುವವರ ಸಾಲಿನಲ್ಲಿ ಇಬ್ಬರೂ ಅಕ್ಕಪಕ್ಕ ನಿಲ್ಲುತ್ತಿದ್ದವರು, ಈಗ ನಡುವೆ ಶಾಲೆಯ ಟೀಚರಮ್ಮನನ್ನು ನಿಲ್ಲಿಸಿಕೊಂಡರು. ಹಾಡಿನಲ್ಲಿ ದನಿಗೆ ದನಿ ಸೇರುತ್ತಿತ್ತು, ಮುಖಕ್ಕೆ ಮುಖ ಸೇರುತ್ತಿರಲಿಲ್ಲ.

ಈ ಜಗಳಕ್ಕೆ ಮುಂಚೆಯೇ ಮೆಯ್ ತನ್ನ ಮುದಿ ಹಂದಿಯ ಕೊನೆಯ ಸೂಲಿನಿಂದ ಎರಡು ಹೆಣ್ಣುಮರಿ ಆರಿಸಿ ಇಬ್ಬರು ಮಕ್ಕಳಿಗೂ ಒಂದೊಂದು ಕೊಟ್ಟಿದ್ದಳು. ಮುದಿ ಹಂದಿಯನ್ನೂ ಥ್ರಿನಾಳ ಗೂಡಿಗೇ ಕಳಿಸಿದ್ದಳು, ಅಂಗಡಿಯ ಕಲಗಚ್ಚು ಅಲ್ಲಿ ಸಿಗುತ್ತದಲ್ಲ ಅಂತ. ಮರಿಗಳೆರಡೂ ಕಪ್ಪು, ಕಾಲಿಗೆ ಮಾತ್ರ ಬಿಳಿ ಸಾಕ್ಸ್ ಹಾಕಿಕೊಂಡಂತೆ. ರಿದಾ ತನ್ನದಕ್ಕೆ ಬೇಬಿ ಅಂತ ಹೆಸರಿಟ್ಟಳು. ಥ್ರಿನಾ ಹೆಸರಿಡಲಿಲ್ಲ. “ಹೆಸರಿಟ್ಟರೆ ಆಮೇಲೆ ಮಾರೋದು ಹೆಂಗೆ?” ಅಂದಳಂತೆ.

ಬೇಬಿ ಬೆಳೆದದ್ದು ಹಂದಿಯಾಗಿ ಅಲ್ಲ, ಮನೆಮಗಳಾಗಿ. ಬೆಳಿಗ್ಗೆ ರಿದಾ ಕೆಸವಿನ ದಂಟು, ತೌಡು ಬೇಯಿಸಿ ಹಾಕುತ್ತಿದ್ದಳು. ಅವಳು ಅತ್ತ ಹೋದಮೇಲೆ ಮೆಯ್ ಒಂದಿಷ್ಟು ಬೆಂದ ಗೆಣಸು ತಂದು “ಪಾಪ, ಬೆಳೆಯೋ ಜೀವ” ಅನ್ನುತ್ತಿದ್ದಳು. ಹೊಲದಿಂದ ಬಂದ ನಾನು ಸೀಮೆಬದನೆ ಎಸೆಯುತ್ತಿದ್ದೆ. ತಿನ್ನುವಾಗ ಅದು ಕಣ್ಣು ಮುಚ್ಚಿಕೊಂಡು ಒಂಥರಾ ಹಾಡುತ್ತಿತ್ತು, ಅದನ್ನು ಕೇಳುವ ಆಸೆಗೆ. ಹೀಗೆ ಮೂವರೂ ತಾವೊಬ್ಬರೇ ತಿನ್ನಿಸುತ್ತಿದ್ದೇವೆ ಅಂದುಕೊಂಡಿದ್ದೆವು. ಮರಿ ಹಾಕುವ ವಯಸ್ಸು ಬಂತು. ನೆರೆಮನೆಗಳ ಅದೇ ವಯಸ್ಸಿನ ಹಂದಿಗಳು ಬೆದೆಗೆ ಬಂದವು, ಗಬ್ಬವಾದವು, ಎರಡು ಮೂರು ಮನೆಗಳಲ್ಲಿ ಮರಿಗಳೂ ಆದವು. ನಮ್ಮ ಬೇಬಿ ಮಾತ್ರ ಉಂಡು ಮಲಗುವುದು ಬಿಟ್ಟರೆ ಇನ್ನೊಂದು ಕಾಣದು. ನೆರೆಯ ಬಾಹ್ ಕ್ಲೆಸ್ತನ್, ಅಂದರೆ ಕ್ಲೆಸ್ತನ್ ಅಣ್ಣ, ತನ್ನ ಗಂಡುಹಂದಿಯನ್ನು ಬೇಲಿಯಾಚೆ ನಡೆಸಿಕೊಂಡು ಹೋದಾಗ ಅದು ನಿಂತು ಗುಟುರು ಹಾಕಿದರೂ ಇವಳು ಒಂದು ಕಿವಿಯನ್ನೂ ಎತ್ತಲಿಲ್ಲ.

ಲಸಿಕೆ ಹಾಕಲು ಬಂದ ಡಾಕ್ಟರ್ ವಾಂದಾ ಅದನ್ನು ನೋಡಿದಳು. ಚಿಕ್ಕ ವಯಸ್ಸಿನ ಹೆಣ್ಣುಮಗಳು, ಮೊಣಕಾಲುದ್ದದ ರಬ್ಬರ್ ಬೂಟು. ಗೂಡಿಗಿಳಿದು ಬೇಬಿಯ ಸೊಂಟದ ಮೇಲೆ ಅಂಗೈ ಇಟ್ಟು ಒತ್ತಿದಳು, ಇನ್ನೂ ಒತ್ತಿದಳು, ಮೈಭಾರವೆಲ್ಲ ಬಿಟ್ಟು ಒತ್ತಿದಳು.

“ಇದರಲ್ಲಿ ಮೂಳೆ ಇದೆಯಾ, ಮೆಯ್?”

ಮೆಯ್‌ಗೆ ಅದು ಹೊಗಳಿಕೆ ಅನಿಸಿತು. “ಚೆನ್ನಾಗಿ ಸಾಕಿದ್ದೀವಿ, ಮಗಳೇ.”

“ಅದೇ ತಾಪತ್ರಯ. ಸ್ವಲ್ಪ ಒತ್ತಿದರೆ ಮೂಳೆ ಕೈಗೆ ಸಿಗಬೇಕು. ಒತ್ತದೇನೆ ಕಂಡರೂ ಕೆಟ್ಟದು, ಒತ್ತಿದಮೇಲೂ ಸಿಗದಿದ್ದರೂ ಕೆಟ್ಟದು. ಇಷ್ಟು ಕೊಬ್ಬಿದ್ದರೆ ಬೆದೆ ಸರಿಯಾಗಿ ಕಾಣಲ್ಲ. ಹೇಗೋ ಗಬ್ಬ ಆದರೂ ಮರಿ ಕಡಿಮೆ, ಹೆರಿಗೆ ಕಷ್ಟ, ಹೆತ್ತಮೇಲೆ ಮರಿಗಳ ಮೇಲೇ ಉರುಳಿ ಮಲಗ್ತದೆ. ತಿನ್ನಿಸೋದು ಕಡಿಮೆ ಮಾಡಿ. ಓಡಾಡಿಸಿ.”

ರಿದಾಳ ಕಣ್ಣು ತುಂಬಿ ಬಂತು. “ಹಸಿವು ಅಂತ ಕೂಗಿದ್ರೆ?”

“ಕೂಗಲಿ. ಹಂದಿ ಕೂಗೋಕೇ ಹುಟ್ಟಿರೋದು.” ಡಾಕ್ಟರ್ ಬೂಟು ತೊಳೆದುಕೊಳ್ಳುತ್ತ ಹೇಳಿದಳು, “ತಮಾಷೆ ಏನು ಗೊತ್ತಾ? ಬೆಳಿಗ್ಗೆ ಗುಡ್ಡದಾಚೆ ಇಂಥದ್ದೇ ಬಿಳಿ ಕಾಲಿಂದು ನೋಡಿ ಬಂದೆ. ಅದರ ಬೆನ್ನ ಮೇಲೆ ಬಟ್ಟೆ ಒಗೀಬಹುದು, ಅಷ್ಟು ಮೂಳೆ. ಅದೂ ಬೆದೆಗೆ ಬಂದಿಲ್ಲ. ತಿನ್ನೋಕಿಲ್ಲದಿದ್ರೂ ಬರಲ್ಲ.”

ರಿದಾ ಕಣ್ಣೊರೆಸಿಕೊಂಡು ನನ್ನ ಕಡೆ ನೋಡಿದಳು. “ನೋಡಿದ್ರಾ? ಹಂದಿಗೂ ಉಪವಾಸ!” ಆ ದನಿಯಲ್ಲಿ ಸಂಕಟದ ಜೊತೆ ಒಂದು ಚೂರು ಸಂತೋಷವೂ ಇತ್ತು, ಸುಳ್ಳು ಯಾಕೆ ಹೇಳಲಿ.

ಮರುದಿನ ಆಲೂಗಡ್ಡೆ ಹೊಲದಲ್ಲಿ ನನ್ನ ಷಡ್ಡಕ ಹಾಂಬೋರ್ ಸಿಕ್ಕಿದ. ಹೆಂಡಿರು ಮಾತು ಬಿಟ್ಟರೂ ನಾವಿಬ್ಬರು ಬಿಟ್ಟಿರಲಿಲ್ಲ. ಬದುವಿನ ಮೇಲೆ ಕೂತು ಎಲೆ ಅಡಿಕೆ ಹಾಕಿಕೊಂಡೆವು.

“ನಮ್ಮದು ಕಡ್ಡಿ, ನಿಮ್ಮದು ಕುಂಬಳಕಾಯಿ,” ಅಂದ ಹಾಂಬೋರ್. “ಎರಡನ್ನೂ ಅರೆದು ಬೆರೆಸಿ ಎರಡು ಮಾಡೋ ಹಾಗಿದ್ರೆ ಆಗ್ತಿತ್ತು.”

“ಬೆರೆಸಕ್ಕಾಗಲ್ಲ. ಬದಲಾಯಿಸಬಹುದು.”

ನಾನು ಸುಮ್ಮನೆ ಬಾಯಿಗೆ ಬಂದದ್ದು ಹೇಳಿದೆ. ಆದರೆ ರಾತ್ರಿ ಒಲೆ ಮುಂದೆ ಅದನ್ನೇ ನಗುತ್ತ ಮೆಯ್‌ಗೆ ಹೇಳಿದ್ದು ತಪ್ಪಾಯಿತೋ ಒಪ್ಪಾಯಿತೋ, ಅವಳು ನಗಲಿಲ್ಲ. ಬಾಯಲ್ಲಿದ್ದ ಅಡಿಕೆಯನ್ನು ಆ ದವಡೆಯಿಂದ ಈ ದವಡೆಗೆ ನಿಧಾನವಾಗಿ ಸಾಗಿಸಿ ಹೇಳಿದಳು:

“ಶನಿವಾರ ಬದಲಾಯಿಸಿ.”

“ಮೆಯ್!” ರಿದಾ ಎದ್ದು ನಿಂತಳು. “ಬೇಬೀನ ಆ ಮನೆಗಾ?”

“ಎರಡೂ ನನ್ನ ಹಂದಿಯ ಮಕ್ಕಳು. ನೀವಿಬ್ಬರೂ ನನ್ನ ಮಕ್ಕಳು. ಯಾರು ಎಲ್ಲಿರಬೇಕು ಅಂತ ನಾನು ಹೇಳ್ತೀನಿ. ಅವಳ ಮನೇಲಿ ಇದು ಇಳೀಲಿ, ನಿನ್ನ ಮನೇಲಿ ಅದು ತುಂಬಿಕೊಳ್ಳಲಿ. ಗಬ್ಬ ಆದಮೇಲೆ ಮಿಕ್ಕಿದ್ದು.”

ಥ್ರಿನಾಳೂ ಒಪ್ಪಲಿಲ್ಲವಂತೆ. ಆದರೆ ತಾಯಿಯ ಮಾತಿಗೆ ಇಲ್ಲ ಅನ್ನುವ ಹೆಣ್ಣು ಆ ಮನೆತನದಲ್ಲಿ ಹುಟ್ಟಿಲ್ಲ.

ಶನಿವಾರ ನಾನು ಬೇಬಿಯ ಎದೆಗೆ ಹಗ್ಗ ಕಟ್ಟಿ ಹೊರಡಿಸಿದೆ. ಗುಡ್ಡ ಏರುವ ಅರ್ಧಕ್ಕೆ ಅದು ದಾರಿ ನಡುವೆ ಕೂತುಬಿಟ್ಟಿತು. ಎಳೆದರೂ ಇಲ್ಲ, ದೂಡಿದರೂ ಇಲ್ಲ. ಎದುರಿಂದ ಹಾಂಬೋರನ ಹಂದಿ ಮೇಕೆಯ ಹಾಗೆ ಹಾರುತ್ತ, ಅವನನ್ನೇ ಎಳೆದುಕೊಂಡು ಬಂತು. ಒಡಹುಟ್ಟಿದವೆರಡೂ ಮೂತಿಗೆ ಮೂತಿ ತಾಗಿಸಿದವು. ಮರುಕ್ಷಣ ಕಿರುಚಾಟ, ಹಗ್ಗಕ್ಕೆ ಹಗ್ಗ ಸುತ್ತಿಕೊಂಡು ನಾವಿಬ್ಬರೂ ಜರಿಗಿಡದ ಪೊದೆಯಲ್ಲಿ ಬಿದ್ದೆವು.

“ಇವೂ ಮಾತು ಬಿಟ್ಟಿದಾವೆ ಅನಿಸತ್ತೆ,” ಅಂದ ಹಾಂಬೋರ್, ಕೆಳಗಿನಿಂದ.

ತೆಳ್ಳನೆಯದು ನಮ್ಮ ಗೂಡಿಗೆ ಬಂದದ್ದೇ ರಿದಾ ಅದರ ಬೆನ್ನು ಸವರಿ ನಿಟ್ಟುಸಿರು ಬಿಟ್ಟಳು. ಮೊದಲ ದಿನ ಬಾನಿಗೆ ತೌಡು ಸುರಿದರೆ ಅದು ಮೂಲೆಯಲ್ಲಿ ನಿಂತು ಹಿಂದೆ ಮುಂದೆ ನೋಡುತ್ತಿತ್ತು. ಯಾರೋ ಬಂದು ಹೊಡೆಯುತ್ತಾರೆ ಅನ್ನುವ ಹಾಗೆ. ರಿದಾ ಪಕ್ಕದಲ್ಲಿ ಕುಕ್ಕುರುಗಾಲಲ್ಲಿ ಕೂತು, “ತಿನ್ನವ್ವಾ, ಎಲ್ಲಾ ನಿಂದೇ,” ಅಂತ ಗಂಟೆಗಟ್ಟಲೆ ಪುಸಲಾಯಿಸಿದಳು. ಅದು ತಿನ್ನತೊಡಗಿದ ಮೇಲೆ ನಮ್ಮ ಮನೆಗೆ ಕಳೆ ಬಂತು. ಇದಕ್ಕಾದರೆ ಧಾರಾಳ ತಿನ್ನಿಸಬಹುದು, ಡಾಕ್ಟರ್ ಹೇಳಿದ್ದೇ ಹಾಗೆ!

ಆದರೆ ರಿದಾಳಿಗೆ ನಿದ್ದೆ ಬರುತ್ತಿರಲಿಲ್ಲ. “ಬೇಬಿ ಅಲ್ಲಿ ಏನು ತಿಂತೋ ಏನೋ.” ಕೊನೆಗೆ ಒಂದು ಬೆಳಿಗ್ಗೆ ಬೆಂದ ಗೆಣಸಿನ ಚೀಲ ನನ್ನ ಕೈಗಿಟ್ಟಳು. “ಹೊಲಕ್ಕೆ ಹೋಗೋ ದಾರೀಲಿ ಹಿತ್ತಲಿಂದ ಹಾಕಿ ಬನ್ನಿ. ಅಕ್ಕ ಆ ಹೊತ್ತಿಗೆ ಅಂಗಡೀಲಿರ್ತಾಳೆ.”

ಒಂದು ವಾರ ಹೀಗೆ ಗೆಣಸು ಸಾಗಿಸಿದೆ. ಬೇಲಿಯಾಚೆಯಿಂದ ಸುರಿದು, ಬೇಬಿಯ ಹಾಡು ಕೇಳುವ ಧೈರ್ಯವಿಲ್ಲದೆ ಓಡಿಬರುತ್ತಿದ್ದೆ. ಎಂಟನೆಯ ಬಾರಿಗೆ ಸ್ವಲ್ಪ ನಿಂತು ನೋಡಿದೆ. ಗೆಣಸು ಬಿದ್ದದ್ದೇ ತಡ, ಒಳಗಿನಿಂದ ಮುದಿ ಹಂದಿ ಬಂಡೆ ಉರುಳಿದ ಹಾಗೆ ಬಂದು ಬೇಬಿಯನ್ನು ಭುಜದಿಂದ ಗೋಡೆಗೊತ್ತಿ ಎಲ್ಲವನ್ನೂ ಮುಕ್ಕಿತು. ಬೇಬಿ ಹತ್ತಿರ ಬಂದರೆ ಕಿವಿಗೆ ಬಾಯಿ ಹಾಕಿತು. ಹೆತ್ತ ತಾಯಿ ಅನ್ನುವ ನೆನಪೇನೂ ಅದಕ್ಕಿದ್ದಂತೆ ಕಾಣಲಿಲ್ಲ.

“ಚೆನ್ನಾಗಿದೆ ಬೆಂದಿರೋದು.”

ತಿರುಗಿದರೆ ಥ್ರಿನಾ. ಸೊಂಟದ ಮೇಲೆ ಕೈ, ಕೈಯಲ್ಲಿ ಸೌಟು.

“ಅಕ್ಕಾ... ಅದು... ದಾರೀಲಿ ಸಿಕ್ಕಿತು.”

“ಬೆಂದ ಗೆಣಸು ದಾರೀಲಿ ಸಿಗುತ್ತಾ, ಪಿನ್‌ಶಾಯ್? ಯಾವ ದಾರಿ, ನನಗೂ ಹೇಳು, ಅಂಗಡಿಗೆ ತರಿಸ್ತೀನಿ.” ಸೌಟು ನನ್ನ ಎದೆಗೆ ತಾಗಿತು. “ಅವಳು ಕಳಿಸಿದ್ದು ಅಲ್ವಾ? ನಾನು ಉಪವಾಸ ಹಾಕ್ತೀನಿ ಅಂತ!”

“ಬಯ್ಯೋದು ಆಮೇಲೆ ಬಯ್ಯಿ, ಅಕ್ಕಾ. ಮೊದಲು ಇಲ್ಲಿ ನೋಡು.” ಉಳಿದ ಗೆಣಸನ್ನು ಬಾನಿಗೆ ಸುರಿದೆ. ಮುದಿ ಹಂದಿ ಮತ್ತೆ ಅದೇ ಆಟ ಆಡಿತು.

ಥ್ರಿನಾ ಬೇಲಿಗೆ ಬಗ್ಗಿ ಬೇಬಿಯನ್ನು ನೋಡಿದಳು. ಸೌಟು ಕೆಳಗಿಳಿಯಿತು.

“ನಾನು ಎರಡಕ್ಕೂ ಆಗೋಷ್ಟು ಅಳೆದೇ ಹಾಕ್ತಿದ್ದೆ,” ಅಂದಳು ಮೆಲ್ಲಗೆ. “ಹಾಕಿ ಅಂಗಡಿಗೆ ಓಡ್ತಿದ್ದೆ. ಆ ಮಗು ಹುಟ್ಟಾ ಸಣಕಲು ಅಂದ್ಕೊಂಡಿದ್ದೆ. ಇಷ್ಟು ದಿನ ಹಸ್ಕೊಂಡೇ ಇತ್ತಲ್ಲೋ ಅದು.”

ಹಂದಿಗೆ ಹೆಸರಿಡದ ಥ್ರಿನಾ ಅದನ್ನು ಮಗು ಅಂದದ್ದು ನಾನು ಅದೇ ಮೊದಲು ಕೇಳಿದ್ದು. ಅವಳು ಅಂಗಡಿಗೆ ಬಾಗಿಲೆಳೆದು ನನ್ನ ಮುಂದೆ ಮುಂದೆ ದಾಪುಗಾಲು ಹಾಕಿಕೊಂಡು ಗುಡ್ಡ ಹತ್ತಿದಳು. ನಮ್ಮ ಅಂಗಳಕ್ಕೆ ಬಂದವಳೇ ಸೀದಾ ಗೂಡಿನ ಹತ್ತಿರ ಹೋಗಿ ನಿಂತಳು. ತೆಳ್ಳನೆಯದು ಆಗಲೇ ಹೊಳೆಯತೊಡಗಿತ್ತು. ರಿದಾ ಒಳಗಿಂದ ಬಂದವಳು ಅಕ್ಕನನ್ನು ನೋಡಿ ಬಾಗಿಲಲ್ಲೇ ನಿಂತಳು.

“ಗೆಣಸು ಕಳಿಸ್ತೀಯಾ ಕದ್ದು?” ಅಂತ ಶುರುಮಾಡಿದಳು ಥ್ರಿನಾ. ಎಷ್ಟೋ ತಿಂಗಳ ಮೇಲೆ ತಂಗಿಗೆ ಆಡಿದ ಮೊದಲ ಮಾತು ಅದು.

“ಕಳಿಸ್ತೀನಿ! ನನ್ನ ಬೇಬಿ ಅದು!”

“ನಿನ್ನ ಗೆಣಸೆಲ್ಲ ಮುದುಕಿ ತಿಂದಳು. ಇವಳ ಪಾಲೂ ಅವಳೇ ತಿಂದಿದ್ದು, ನನಗೆ ಕಾಣಲಿಲ್ಲ.” ಥ್ರಿನಾ ತೆಳ್ಳನೆಯದರ ಬೆನ್ನು ಸವರಿದಳು. “ಆದ್ರೆ ಅಮ್ಮನ ಊಟ ಯಾರೂ ಕಿತ್ಕೊಳ್ಳಲಿಲ್ಲ, ರಿದಾ. ಅವಳ ಪಕ್ಕದಲ್ಲೇ ಕೂತು ಬಡಿಸಿದ್ದೀನಿ. ಅವಳೇ ತಿನ್ತಿರಲಿಲ್ಲ. ಯಾಕೆ ಅಂತ ನನಗೇನು ಗೊತ್ತು?”

ರಿದಾ ತಾಯಿಯ ಕಡೆ ತಿರುಗಿದಳು. ಮೆಯ್ ಬಿಸಿಲಲ್ಲಿ ಬೆತ್ತದ ಕುಳ್ಳು ಪೀಠದ ಮೇಲೆ ಕೂತು ಅಡಿಕೆ ಸೀಳುತ್ತಿದ್ದವಳು, ಪೀಠವನ್ನು ಇನ್ನಷ್ಟು ಗೋಡೆಯ ಕಡೆ ಎಳೆದುಕೊಂಡಳು.

“ಹಲ್ಲು ನೋಯ್ತಿತ್ತು,” ಅಂದಳು.

“ಏನು?”

“ಹಲ್ಲು. ಹಿಂದಿನದು. ಅಗಿಯೋಕಾಗ್ತಿರಲಿಲ್ಲ. ಹೇಳಿದ್ರೆ ನೀವು ಮಾಯ್ರಾಂಗಿಗೆ ಹೊತ್ಕೊಂಡು ಹೋಗಿ ಕೀಳಿಸ್ತಿದ್ರಿ. ಆಮೇಲೆ ಅದೇ ಉದುರಿಹೋಯ್ತು.”

“ಮೆಯ್, ನಾವಿಬ್ರೂ ಮಾತು ಬಿಟ್ಟಿದ್ದು ಅದಕ್ಕೆ!”

“ನೀವು ಮಾತು ಬಿಟ್ಟಿದ್ದು ಬಾಯಿ ಜೋರಿದೆ ಅಂತ. ನನ್ನ ಹಲ್ಲಿನ ಮೇಲೆ ಯಾಕೆ ಹಾಕ್ತೀರಾ?” ಮೆಯ್ ಸೀಳಿದ ಅಡಿಕೆಯ ಒಂದು ಹೋಳನ್ನು ಸುಣ್ಣ ಹಚ್ಚಿದ ಎಲೆಯ ಜೊತೆ ದೊಡ್ಡ ಮಗಳ ಕಡೆ ಚಾಚಿದಳು. “ಕೂತ್ಕೋ. ಗಿರಾಕಿಗಳು ಎಲ್ಲೂ ಹೋಗಲ್ಲ.”

ಥ್ರಿನಾ ಕೂತಳು. ರಿದಾ ಸ್ವಲ್ಪ ಹೊತ್ತು ಬಾಗಿಲ ಚೌಕಟ್ಟನ್ನು ಉಗುರಿಂದ ಕೆರೆಯುತ್ತ ನಿಂತಿದ್ದಳು. ಆಮೇಲೆ ಒಳಗೆ ಹೋಗಿ ಕೆಂಪು ಚಹಾ ತಂದಳು, ಜೊತೆಗೆ ಅಕ್ಕಿಯ ರೊಟ್ಟಿ. ಅವರಿಬ್ಬರು ಅಳಲೂ ಇಲ್ಲ, ತಬ್ಬಿಕೊಳ್ಳಲೂ ಇಲ್ಲ. ಮುದಿ ಹಂದಿಯನ್ನು ಬೈಯುತ್ತ ಸಂಜೆ ಮಾಡಿದರು. ಬಯ್ಯುವುದರಲ್ಲಿ ಮಾತ್ರ ಅಕ್ಕ ತಂಗಿಯರು ಒಂದೇ ಹೊಟ್ಟೆಯವರು.

ಮರುದಿನವೇ ಹಾಂಬೋರ್ ಬಿದಿರು ಕಡಿದು ಗೂಡಿನ ನಡುವೆ ತಡಿಕೆ ಕಟ್ಟಿದ. ಬೇಬಿಗೆ ಅಳತೆಯ ಊಟ, ದಿನಾ ಅಂಗಡಿಯಿಂದ ಚರ್ಚಿನವರೆಗೆ ನಡಿಗೆ. ಮೊದಮೊದಲು ಅದು ಕೂಗಿದ ಕೂಗಿಗೆ ಪಾದ್ರಿಗಳ ಪ್ರಾರ್ಥನೆಯೇ ನಿಂತಿತಂತೆ. ಥ್ರಿನಾ ಕಿವಿಗೆ ಹತ್ತಿ ಇಟ್ಟುಕೊಂಡು ಅನ್ನ ಬೇಯಿಸಿದಳು. ಆದರೆ ಗಿರಾಕಿ ಇಲ್ಲದ ಹೊತ್ತಲ್ಲಿ ಹಿತ್ತಲಿಗೆ ಹೋಗಿ, “ನೋಡು, ನಿನ್ನ ಒಳ್ಳೇದಕ್ಕೇ,” ಅಂತ ಅದರ ಕಿವಿ ತುರಿಸುತ್ತಿದ್ದದ್ದನ್ನು ಹಾಂಬೋರ್ ನೋಡಿದ್ದಾನೆ.

ಮೊದಲು ಬೆದೆಗೆ ಬಂದದ್ದು ಬೇಬಿಯೇ. ಜಾಗ ಬದಲಾದದ್ದೂ ಒಳ್ಳೆಯದಾಯಿತು ಅಂದಳು ಡಾಕ್ಟರ್ ವಾಂದಾ, ಹೊಸ ಗೂಡು, ಹೊಸ ದಾರಿ, ಬೇಲಿಯಾಚೆ ಗಂಡಿನ ವಾಸನೆ. ಬಾಹ್ ಕ್ಲೆಸ್ತನ್ ತನ್ನ ಗಂಡುಹಂದಿಯನ್ನು ಮದುವೆಗೆ ಕರೆತರುವ ಹಾಗೆ ಮೈ ತೊಳೆಸಿ ಕರೆತಂದ. “ನಮ್ಮ ಹುಡುಗನಿಗೆ ಈಗ ಒಪ್ಪಿಗೆಯಾಯ್ತು,” ಅಂದ. “ಮುಂಚೆ ಹುಡುಗಿಗೆ ಸೊಂಟವೇ ಇರಲಿಲ್ಲ.” ಸ್ವಲ್ಪ ದಿನಕ್ಕೆ ನಮ್ಮ ಗೂಡಿನ ತೆಳ್ಳನೆಯದೂ ಮೈಕೈ ತುಂಬಿಕೊಂಡು, ಬೇಲಿ ಉಜ್ಜಿ ಉಜ್ಜಿ ಬೀಳಿಸಿತು. ಬಾಹ್ ಕ್ಲೆಸ್ತನ್ ಮತ್ತೆ ಬಂದ.

ಅದೂ ಗಬ್ಬವಾಯಿತು ಅಂತ ಗೊತ್ತಾದ ದಿನ ರಿದಾ ದೊಡ್ಡ ಹಂಡೆ ಒಲೆಗೇರಿಸಿದಳು. ಥ್ರಿನಾ ಎಲ್ಲಿಂದ ವಾಸನೆ ಹಿಡಿದಳೋ, ಬಂದು ಅರ್ಧ ತೆಗೆಸಿದಳು. “ಈಗ ಹೆಚ್ಚು ಹಾಕಿದ್ರೆ ಒಳಗೇ ಮರಿ ಕಮ್ಮಿ ಆಗ್ತವೆ ಅಂತ ಡಾಕ್ಟರ್ ಹೇಳಲಿಲ್ವಾ? ಹೆರೋಕೆ ಹತ್ತಿರ ಬರಲಿ, ಆಗ ಹಾಕುವಂತೆ.”

“ನಿನ್ನ ಸೌಟು ನನ್ನ ಮನೆಗೂ ಬಂತಾ?” ಅಂತ ಗೊಣಗಿದಳು ರಿದಾ. ಆದರೂ ತೆಗೆದಳು.

ಬೇಬಿಗೆ ನೋವು ಶುರುವಾದದ್ದು ಒಂದು ಭಾನುವಾರ ಬೆಳಿಗ್ಗೆ. ಹಾಂಬೋರ್ ಓಡಿಬಂದು ಹೇಳಿದಾಗ ರಿದಾ ಚರ್ಚಿಗೆ ಅಂತ ಎರಡೂ ಹೆಗಲಿಗೆ ಪಿನ್ನು ಚುಚ್ಚಿ ಉಡುವ ರೇಷ್ಮೆಯ ಜೈನ್ಸೆಮ್ ಉಟ್ಟಿದ್ದಳು. ಹಾಗೇ ಓಡಿದಳು. ನಾವು ಹೋಗಿ ನೋಡಿದರೆ ಥ್ರಿನಾಳೂ ಅದೇ ವೇಷದಲ್ಲಿ ಹುಲ್ಲಿನ ಮೇಲೆ ಕೂತು ಬೇಬಿಯ ತಲೆ ತೊಡೆಯ ಮೇಲಿಟ್ಟುಕೊಂಡಿದ್ದಳು. ಚರ್ಚಿನ ಗಂಟೆ ಹೊಡೆಯಿತು. ಇಬ್ಬರೂ ಏಳಲಿಲ್ಲ. ಹಾಡು ಶುರುವಾದಾಗ ಟೀಚರಮ್ಮನ ದನಿ ಒಂಟಿಯಾಗಿ ಗುಡ್ಡದ ಮೇಲಿಂದ ತೇಲಿಬಂತು, ಸ್ವಲ್ಪ ನಡುಗುತ್ತ.

ಮರಿಗಳು ಒಂದೊಂದಾಗಿ ಜಾರಿ ಬಂದವು. ರಿದಾ ಒರೆಸಿ ಒರೆಸಿ ಮೊಲೆಗೆ ಹಚ್ಚಿದಳು. ನಡುವೆ ಒಂದು ಅಲ್ಲಾಡಲಿಲ್ಲ. ನೀಲಿಗಟ್ಟಿತ್ತು. ರಿದಾ ಅದನ್ನು ಕೈಯಲ್ಲಿ ಹಿಡಿದುಕೊಂಡು ದಿಕ್ಕೆಟ್ಟು ನೋಡಿದಳು.

“ಕೊಡು ಇಲ್ಲಿ.” ಥ್ರಿನಾ ಅದರ ಬಾಯಿಂದ ಲೋಳೆ ತೆಗೆದಳು, ತಲೆಕೆಳಗು ಹಿಡಿದು ಬೆನ್ನು ತಿಕ್ಕಿದಳು, ರೇಷ್ಮೆಯ ಸೆರಗಲ್ಲೇ ಸುತ್ತಿ ತಿಕ್ಕಿದಳು, ಮೂತಿಗೆ ಬಾಯಿಟ್ಟು ಊದಿದಳು. ಮರಿ ಒಂದು ಸಲ ಸೀನಿತು. ಆಮೇಲೆ ಇಡೀ ಗೂಡಿಗೆ ಕೇಳುವ ಹಾಗೆ ಕಿರುಚಿತು.

“ಬೇಬಿಯ ದನಿಯೇ,” ಅಂದ ಹಾಂಬೋರ್.

ಥ್ರಿನಾ ನಗುತ್ತಿದ್ದಳು, ಕಣ್ಣಿಂದ ನೀರು ಸುರಿಯುತ್ತಿತ್ತು. ರಿದಾ ತನ್ನ ಸೆರಗಲ್ಲಿ ಅಕ್ಕನ ಮುಖ ಒರೆಸಿದಳು. ಅದರಲ್ಲಿದ್ದ ಕೊಳೆಯೆಲ್ಲ ಅಕ್ಕನ ಕೆನ್ನೆಗೆ ಬಳಿದುಕೊಂಡಿತು. ಒಟ್ಟು ಒಂಬತ್ತು ಮರಿ, ಒಂಬತ್ತೂ ಉಳಿದವು. ಆ ಮೈಭಾರ ಇಳಿಯದೇ ಇದ್ದಿದ್ದರೆ ಅರ್ಧವನ್ನಾದರೂ ಬೇಬಿ ಮೈ ಕೆಳಗೆ ಹಾಕಿಕೊಳ್ಳುತ್ತಿತ್ತು ಅಂತ ಆಮೇಲೆ ಡಾಕ್ಟರ್ ಹೇಳಿದಳು.

ನಮ್ಮ ಗೂಡಿನದು ಅಷ್ಟು ಸಡಗರವನ್ನೂ ಕೇಳಲಿಲ್ಲ. ಆಲೂಗಡ್ಡೆ ಅಗೆಯುವ ದಿನ ನಾವೆಲ್ಲ ಹೊಲದಲ್ಲಿದ್ದೆವು. ಸಂಜೆ ಮೈತುಂಬ ಮಣ್ಣು ಮಾಡಿಕೊಂಡು ಬಂದು ನೋಡಿದರೆ ತಾನೇ ಹೆತ್ತು, ತಾನೇ ನೆಕ್ಕಿ, ಮರಿಗಳನ್ನೆಲ್ಲ ಸಾಲಾಗಿ ಮೊಲೆಗೆ ಹಚ್ಚಿ ಮಲಗಿತ್ತು. ರಿದಾ ನನ್ನನ್ನು ನೀರು ಕುಡಿಯಲೂ ಬಿಡಲಿಲ್ಲ. “ಓಡಿ, ಅಕ್ಕನ್ನ ಕರ್ಕೊಂಡು ಬನ್ನಿ.”

ಥ್ರಿನಾ ಮಸಿ ಕೈಯಲ್ಲೇ ಬಂದಳು. ಗೂಡಿಗಿಳಿದು, ಮೊದಲು ಮರಿಗಳನ್ನಲ್ಲ, ಹಂದಿಯ ಸೊಂಟದ ಮೇಲೆ ಅಂಗೈ ಇಟ್ಟು ಮೆಲ್ಲಗೆ ಒತ್ತಿ ನೋಡಿದಳು. ತಂಗಿಯ ಕಡೆ ತಿರುಗಿದಳು.

“ಹದವಾಗಿ ಸಾಕಿದ್ದೀಯ, ರಿದಾ.”

ಅಕ್ಕನಿಂದ ಅಂಥ ಮಾತು ರಿದಾ ಹುಟ್ಟಿದಾರಭ್ಯ ಕೇಳಿರಲಿಲ್ಲ. ಬಗ್ಗಿ ಸುಮ್ಮನೆ ಒಂದು ಮರಿಯನ್ನು ಎತ್ತಿ ಇನ್ನೊಂದು ಮೊಲೆಗೆ ಹಚ್ಚಿದಳು, ಅದು ಮೊದಲಿದ್ದ ಕಡೆಯೇ ಚೆನ್ನಾಗಿ ಕುಡಿಯುತ್ತಿದ್ದರೂ.

ಮರಿಗಳು ಹಾಲು ಬಿಟ್ಟ ಮೇಲೆ ಮೆಯ್ ಇಬ್ಬರನ್ನೂ ಕೂರಿಸಿಕೊಂಡು, ಇನ್ನು ನಿಮ್ಮ ನಿಮ್ಮ ಹಂದಿ ನಿಮ್ಮ ನಿಮ್ಮ ಮನೆಗೆ ಹೋಗಲಿ ಅಂದಳು. ಅಕ್ಕ ತಂಗಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

“ಬೇಬಿ ಅಲ್ಲೇ ಹೊಂದಿಕೊಂಡಿದೆ,” ಅಂದಳು ಥ್ರಿನಾ, ಬೆರಳಿಂದ ನೆಲ ಗೀಚುತ್ತ.

“ಇದೂ ಇಲ್ಲಿ ಹೊಂದಿಕೊಂಡಿದೆ,” ಅಂದಳು ರಿದಾ.

ನಾನೂ ಹಾಂಬೋರನೂ ಹಗ್ಗ ಹಿಡಿದುಕೊಂಡು ಅಂಗಳದಲ್ಲಿ ಕಾಯುತ್ತಿದ್ದೆವು. ಮೆಯ್ ಬಾಗಿಲಿಗೆ ಬಂದು ನಮ್ಮನ್ನು ನೋಡಿ, “ಹಗ್ಗ ಒಳಗಿಡಿ,” ಅಂದಳು. ಗುಡ್ಡ ಹತ್ತುವ ಕೆಲಸ ತಪ್ಪಿತಲ್ಲ ಅಂತ ನಾವಿಬ್ಬರೂ ಬಿಸಿಲಿಗೆ ಕಾಲು ಚಾಚಿ ಕೂತೆವು. ಒಳಗೆ ಅಕ್ಕ ತಂಗಿಯರು ಮುಂದಿನ ಸಲ ಯಾವ ಗಂಡುಹಂದಿಯನ್ನು ಕರೆಸಬೇಕು ಅನ್ನುವುದರ ಮೇಲೆ ಆಗಲೇ ದನಿ ಏರಿಸಿದ್ದರು.